ನಿದ್ದೆ ಬರಿಸದ ಊಟ

ನನ್ನ ಹೋಟೆಲಿನಲ್ಲಿ ಥಾಲಿ ಮುಗಿಸಿದ ಗಿರಾಕಿ ಬಾಯಗಲಿಸಿ ಆಕಳಿಸಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಮಧ್ಯಾಹ್ನ ಊಟದ ಮೇಲೆ ಆಕಳಿಸದ ಗಿರಾಕಿ ಯಾರಿದ್ದಾರೆ? ಹಾಗಾಗಿ ಅವರನ್ನು ಮರೆಯುವ ಅನುಕೂಲವೇ ನನಗಿಲ್ಲ. ಹೋದ ತಿಂಗಳು ನಾಸಿಕದಿಂದ ಅವರ ಮಗಳು ಫೋನ್ ಮಾಡಿ, "ಅಂಕಲ್, ಅಪ್ಪ ಹೋದ್ರು" ಎಂದಳು. ಕನ್ನಡ ಪೂರ್ತಿ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. ಉಳಿದದ್ದನ್ನು ಮರಾಠಿಯಲ್ಲಿ ಹೇಳಿದಳು. ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು ಹಾಗೇ ಹೋಗಿಬಿಟ್ಟರಂತೆ. ಫೋನ್ ಕೆಳಗಿಟ್ಟ ಮೇಲೆ ದುಡ್ಡಿನ ಗಲ್ಲೆಯಲ್ಲಿ ಕೂತೇ ಅತ್ತೆ. ಅಳುವಿನ ನಡುವೆ ನಗುವೂ ಬಂತು, ಸುಳ್ಳು ಹೇಳುವುದಿಲ್ಲ. ಊಟದ ಮೇಲಿನ ನಿದ್ದೆಯ ಜೊತೆ ಆ ಮನುಷ್ಯ ಎಷ್ಟು ಜಗಳವಾಡಿದ್ದರು ಎಂಬುದು ನನಗಲ್ಲದೆ ಇನ್ನಾರಿಗೆ ಗೊತ್ತು?

ಹೆಸರು ಬರೆಯುವುದಿಲ್ಲ. ತಾವೇ ನಡೆಸಿದ ಸಮ್ಮೇಳನದ ಬ್ಯಾನರಿನಲ್ಲಿ ತಮ್ಮ ಹೆಸರು ಬರಬಾರದೆಂದು ಹಟ ಮಾಡಿದವರು, ನನ್ನ ಬರಹದಲ್ಲಿ ಬಂದರೆ ಒಪ್ಪುತ್ತಿದ್ದರೇ? ನಮ್ಮ ಹೋಟೆಲಿನಲ್ಲಿ ಅವರಿಗೆ 'ಗಾಳಿ ಸಾಹೇಬರು' ಎಂದೇ ಹೆಸರು. ಗಾಳಿಯಿಂದ ವಿದ್ಯುತ್ ಮಾಡುವ ಕಂಪನಿಯ ನಾಸಿಕ ಆಫೀಸಿನಲ್ಲಿ ಇಂಜಿನಿಯರ್. ನಾನು ಇಲ್ಲಿ ಸಂಭಾಜಿನಗರದಲ್ಲಿ, ಸ್ಟೇಷನ್ ರಸ್ತೆಯಲ್ಲಿ, ಕೆಳಗೆ ಊಟ ತಿಂಡಿ, ಮೇಲೆ ಮದುವೆ ಮುಂಜಿಗೆ ಒಂದು ಹಾಲ್ ಇಟ್ಟುಕೊಂಡ ಉಡುಪಿ ಕಡೆಯವ.

ಮೊದಲ ದಿನ ಅವರನ್ನು ನಾನು ಫುಡ್ ಇನ್‌ಸ್ಪೆಕ್ಟರ್ ಎಂದುಕೊಂಡೆ. ಊಟದ ಗದ್ದಲದ ಹೊತ್ತಿಗೆ ಬಂದು, ಯಾರೂ ಕೂರದ ಬೇಸಿನ್ ಪಕ್ಕದ ಟೇಬಲ್ಲನ್ನೇ ಆರಿಸಿಕೊಂಡು, ಥಾಲಿ ತರಿಸಿ, ಮುಟ್ಟದೆ ಕೂತರು. ನೋಡುವುದು ಉಳಿದವರ ತಟ್ಟೆಯನ್ನೂ ಅಲ್ಲ, ಮುಖವನ್ನು. ಕೈ ತೊಳೆಯಲು ಬಂದ ಒಬ್ಬೊಬ್ಬರ ಕಣ್ಣನ್ನೂ ಡಾಕ್ಟರರ ಹಾಗೆ ನೋಡುತ್ತಿದ್ದರು. ಸಪ್ಲೈಯರನ್ನು ಕರೆದು, "ಆ ಟೇಬಲ್ಲಿಗೆ ಇನ್ನೊಂದು ಹಪ್ಪಳ ಇಡು" ಎಂದು ಪಿಸುಗುಟ್ಟಿದೆ. ಕನ್ನಡ ಕಿವಿಗೆ ಬಿದ್ದದ್ದೇ ಎದ್ದು ಗಲ್ಲೆಗೆ ಬಂದರು.

"ಕನ್ನಡದವ್ರೇನ್ರಿ? ನಾ ಗದಗಿನಾಂವ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಊಟದಾಗ ನಿದ್ದಿ ತರೂದು ಯಾವುದ್ರಿ?"

ಇಷ್ಟು ವರ್ಷ ಹೋಟೆಲ್ ನಡೆಸಿದ್ದೇನೆ. ಉಪ್ಪು ಜಾಸ್ತಿ ಎಂದವರಿದ್ದಾರೆ, ಸಾಂಬಾರಿನಲ್ಲಿ ಬೆಲ್ಲ ಯಾಕೆ ಎಂದು ಜಗಳ ತೆಗೆದವರಿದ್ದಾರೆ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಸಿಟ್ಟು ಬಂತು.

"ಎಂಥ ಮಾತು ಮಾರಾಯ್ರೇ! ನಮ್ಮ ಊಟ ಎಂಥ ನಿದ್ದೆ ಮಾತ್ರೆಯಾ?"

"ಇಲ್ರಿ, ಇಲ್ರಿ. ನಿಮ್ಮೂಟ ಭಾಳ ಛಲೋ ಐತಿ. ಛಲೋ ಇರೂದ ತೊಂದ್ರಿ ಆಗೈತಿ." ಹೀಗೆಂದವರು ನನ್ನ ಸಿಟ್ಟನ್ನು ಗಮನಿಸದೆ, ಗಲ್ಲೆಯ ಮೇಲಿನ ಊದಿನಕಡ್ಡಿಯ ಹೊಗೆ ಯಾವ ಕಡೆ ವಾಲುತ್ತಿದೆ ಎಂದು ನೋಡುತ್ತಾ ನಿಂತರು. "ಬಡಗಣ ಗಾಳಿ. ಇನ್ನ ಬಿತ್ತು ನೋಡ್ರಿ. ಇನ್ನ ನಮ್ಮವ್ರಿಗೆಲ್ಲ ಬಿಡುವು."

ಅವರ ಅಭ್ಯಾಸವೇ ಅದು. ಎಲ್ಲಿ ನಿಂತರೂ ಕಣ್ಣು ಮೇಲಕ್ಕೆ. ಬಾಲ್ಕನಿಯಲ್ಲಿ ಒಣಗಿದ ಸೀರೆ, ಗುಡಿಯ ಬಾವುಟ, ಇಡ್ಲಿ ಪಾತ್ರೆಯ ಹಬೆ, ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮ ಹಾಲ್ ನೋಡಲು ಬಂದವರೆಲ್ಲ ಎಷ್ಟು ಜನ ಹಿಡಿಸುತ್ತದೆ, ಪಾರ್ಕಿಂಗ್ ಉಂಟಾ ಎಂದು ಕೇಳುತ್ತಾರೆ. ಇವರು ಕಿಟಕಿಯ ಪರದೆ ಅಲ್ಲಾಡುವುದನ್ನು ನೋಡಿ, "ಈ ಹಾಲ್ ಉಸಿರಾಡ್ತೈತ್ರಿ, ಇದ ಇರ್ಲಿ" ಎಂದರು.

ಗಾಳಿಯವರಿಗೂ ಮದುವೆಗೂ ಒಂದು ಹಳೆಯ ತಕರಾರಿದೆ ಎಂಬುದು ನನಗೆ ತಿಳಿದದ್ದು ಅವರಿಂದ. ಆಷಾಢ ಶ್ರಾವಣದಲ್ಲಿ ಗಾಳಿ ಹುಚ್ಚೆದ್ದು ಬೀಸುವಾಗ ಯಂತ್ರಗಳ ಕೆಲಸ ಜೋರು, ಗುಡ್ಡದ ಮೇಲಿನ ಸೈಟು ಬಿಟ್ಟು ಒಬ್ಬ ಅಲುಗುವ ಹಾಗಿಲ್ಲ. ದೀಪಾವಳಿ ಕಳೆದು ಗಾಳಿ ಬಿದ್ದ ಮೇಲೆ ಎಲ್ಲರಿಗೂ ಬಿಡುವು. ಆದರೆ ತುಳಸಿ ಪೂಜೆ ಮುಗಿದದ್ದೇ ಊರಿನ ಹಾಲ್‌ಗಳೆಲ್ಲ ಮದುವೆಯವರ ಪಾಲು. ಗಾಳಿಯಂತ್ರದವರ ಸಮ್ಮೇಳನಕ್ಕೆ ನಾಸಿಕದ ಹಾಲ್ ಕೈತಪ್ಪಿ ಅವರು ಇಷ್ಟು ದೂರ ಬಂದದ್ದು ಹಾಗೆ. ಸಮ್ಮೇಳನದ ಏರ್ಪಾಡಿಗೆ ಮೊದಲು ಗೊತ್ತು ಮಾಡಿದ್ದ ಒಂದು ಕಂಪನಿಯವರು ನಡು ಮಳೆಗಾಲದ ತಾರೀಕು ಹಿಡಿದು, ಹಾಲ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದ್ದರಂತೆ. ಆ ಕತೆ ಹೇಳುವಾಗಲೆಲ್ಲ ಇವರ ದನಿ ಏರುತ್ತಿತ್ತು.

"ಗಾಳಿ ಬೀಸೂ ಹೊತ್ತಿನ್ಯಾಗ ಗಾಳಿಯವ್ರನ್ನ ಕರದ್ರ ಯಾರ ಬರ್ತಾರ್ರಿ? ಬರೇ ಕೋಟು ಹಾಕ್ಕೊಂಡವ್ರು ಬರ್ತಾರ. ಕೋಟಿನವ್ರು ಕೋಟಿನವ್ರಿಗೆ ಭಾಷಣ ಮಾಡ್ಬೇಕು."

ನನ್ನ ಹಾಲ್‌ನಲ್ಲಿ ಎರಡು ಮದುವೆಗಳ ನಡುವೆ ಒಂದು ದಿನ ಖಾಲಿ ಇತ್ತು. ಅದನ್ನು ಹಿಡಿದರು. ಸರಿ, ನಿದ್ದೆಯ ಮಾತು ಯಾಕೆ ಬಂತು ಎಂದು ಕೇಳಿದೆ. ಆಗ ವಿಷಯ ಹೊರಬಿತ್ತು. ಬೆಳಗಿನ ಹೊತ್ತು ಅಧಿಕಾರಿಗಳಿಗೆ, ಯಂತ್ರ ಮಾರುವವರಿಗೆ. ಊಟವಾದ ಕೂಡಲೇ ದಿಂಡೋರಿಯ ಒಬ್ಬ ಸೇಫ್ಟಿ ಮೇಡಂ ಮಾತಾಡಬೇಕು. ಗಾಳಿಯಂತ್ರದ ತುದಿಗೆ ಹತ್ತಿ ಕೆಲಸ ಮಾಡುವವನಿಗೆ ಅಲ್ಲೇ ಏನಾದರೂ ಆದರೆ ಕೆಳಗಿಳಿಸುವುದು ಹೇಗೆ, ಅದು ಅವರ ವಿಷಯ. ಇದನ್ನು ಬೆಳಗ್ಗೆಯೇ ಇಡಿ ಎಂದು ಇವರು ಕಮಿಟಿಯಲ್ಲಿ ಗೋಗರೆದರಂತೆ. ಕಮಿಟಿಯವರು ನಕ್ಕು, ಊಟದ ಮೇಲಿಟ್ಟರೆ ಯಾರಿಗೂ ತೊಂದರೆ ಇಲ್ಲ ಎಂದರಂತೆ. ಆಮೇಲೆ ಊಟದ ಜವಾಬ್ದಾರಿ ಯಾರಿಗೆ ಎಂಬ ಮಾತು ಬಂದಾಗ ಎಲ್ಲರೂ ಫೋನ್ ನೋಡತೊಡಗಿದರು. ಇವರು ಕೈ ಎತ್ತಿದರು.

"ಹೊತ್ತು ಅವ್ರ ಕೈಯಾಗ ಐತಿ. ಊಟ ನನ್ನ ಕೈಯಾಗ ಐತಿ. ಯಾರೂ ಮಲಗಬಾರ್ದು ನೋಡ್ರಿ ಸಾವ್ಕಾರ್ರ, ಒಬ್ಬಾಂವನೂ ಮಲಗಬಾರ್ದು."

ಅಂದಿನಿಂದ ಸಮ್ಮೇಳನದವರೆಗೆ ಪ್ರತಿ ವಾರ ನಾಸಿಕದಿಂದ ಯೇವಲಾ, ವೈಜಾಪುರದ ದಾರಿ ಹಿಡಿದು ಎಸ್‌ಟಿ ಬಸ್ಸಿನಲ್ಲಿ ಬರುವರು. ಒಂದೊಂದು ಸಲ ಒಂದೊಂದು ಬಗೆಯ ಊಟ. ಊಟವಾದದ್ದೇ ನನ್ನನ್ನೂ ಎಳೆದುಕೊಂಡು ಮೇಲಿನ ಖಾಲಿ ಹಾಲ್‌ಗೆ ಹೋಗಿ, ಎದುರು ಬದುರು ಕುರ್ಚಿ ಹಾಕಿಸುವರು. ಮೊದಲ ಸಲ ಪೂರಿ, ಬಸುಂದಿ, ಮಸಾಲೆ ಭಾತ್ ಆಗಿತ್ತು.

"ಸಾವ್ಕಾರ್ರ, ಏನರ ಬ್ಯಾಸರಾಗೂ ಅಂಥಾದ್ದು ಓದ್ರಿ."

ಕೆಳಗಿಂದ ಮರಾಠಿ ಪೇಪರ್ ತರಿಸಿ ಟೆಂಡರ್ ನೋಟಿಸು ಓದತೊಡಗಿದೆ.

"ದನಿ ಏರ್ಸಬ್ಯಾಡ್ರಿ. ಒಂದ ಸವನ ಓದ್ರಿ. ಮೇಡಂ ದನಿ ಹಂಗ ಐತಿ, ಕೂಸಿನ ತೊಟ್ಲಾ ತೂಗಿದಂಗ."

ಓದಿದೆ. ನೀರಿನ ಪೈಪು, ರಸ್ತೆಯ ಡಾಂಬರು, ಯಾವುದೋ ಶಾಲೆಯ ಬೆಂಚು. ಕಣ್ಣು ಬಿಟ್ಟಾಗ ಪೇಪರ್ ನನ್ನ ಮುಖದ ಮೇಲಿತ್ತು. ಅವರು ಎದುರಿಗೆ ಕೂತು ಬಲು ಆಸ್ಥೆಯಿಂದ ನನ್ನನ್ನೇ ನೋಡುತ್ತಿದ್ದರು.

"ಓದೂ ಮನಷ್ಯಾನ ಮಲಗಿದ. ಬಸುಂದಿ ಬ್ಯಾಡ."

ಬಿಸಿ ಅನ್ನ ಸಾರಿನ ದಿನ ಅವರೇ ತೂಕಡಿಸಿ, ನಾಚಿಕೊಂಡು, ಮುಖಕ್ಕೆ ನೀರು ಹಾಕಿಕೊಂಡು ಬಂದರು. ಜೋಳದ ಭಕ್ರಿ, ಕಡಲೆಹಿಟ್ಟಿನ ಝುಣಕದ ಜೊತೆ ಜಜ್ಜಿದ ಮೆಣಸಿನಕಾಯಿ ಠೇಚಾ ತಿಂದ ದಿನ ಇಬ್ಬರಿಗೂ ನಿದ್ದೆಯ ಸುಳಿವಿಲ್ಲ. ನಾನು ಗೆದ್ದೆವೆಂದು ಕುಣಿದರೆ ಅವರು ತಲೆ ಆಡಿಸಿದರು. "ನಿದ್ದಿ ಬರ್ಲಿಲ್ಲ ಖರೆ. ಆದ್ರ ನೀರು ಕುಡದು ಕುಡದು ಎಲ್ಲಾರೂ ಎದ್ದು ಹೊರಗ ಹೋದ್ರ ಒಳಗ ಕುಂಡ್ರೋರ್ಯಾರ್ರಿ?" ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಇದರಲ್ಲಿ ನಗುವಂಥದ್ದು ಕಾಣುತ್ತಿರಲಿಲ್ಲ.

ಒಮ್ಮೆ ಚೇಷ್ಟೆಗೆ ಕೇಳಿಯೇಬಿಟ್ಟೆ: "ಅಲ್ಲ ಸಾಹೇಬ್ರೇ, ನಾಲ್ಕು ಜನ ಮಲಗಿದರೆ ಎಂಥ ಮುಳುಗಿ ಹೋಗುತ್ತದೆ? ಅವರಿಗೂ ಸುಖ, ಮೇಡಮ್ಮಿಗೂ ಬೇಗ ಮುಗಿಯುತ್ತದೆ."

ಅವರು ಕಿಟಕಿಯ ಪರದೆ ನೋಡುತ್ತಾ ಹೇಳಿದರು.

"ಹಿಂದ ನಾಸಿಕದಾಗ ಇದ ಮೇಡಂ ಮಾತಾಡಿದ್ರು. ನಾ ಅಧ್ಯಕ್ಷ ಇದ್ದೆ, ವೇದಿಕಿ ಮ್ಯಾಲ ಕುಂತಿದ್ದೆ. ಪೂರಿ ಶ್ರೀಖಂಡ ಛಂದಂಗ ಹೊಡದಿದ್ದೆ. ಚಪ್ಪಾಳಿ ಸಪ್ಪಳಕ್ಕ ಎಚ್ಚರಾತು. ನಾನೂ ಚಪ್ಪಾಳಿ ಹೊಡದೆ. ಭಾಳ ಛಲೋ ಹೇಳಿದ್ರಿ ಮೇಡಂ ಅಂತ ಮೈಕಿನ್ಯಾಗ ಅಂದೂಬಿಟ್ಟೆ."

"ಆಮೇಲೆ?"

"ಅದರ ಮುಂದಿನ ಗಾಳಿ ಹೊತ್ತಿನ್ಯಾಗ ನಮ್ಮ ಸೈಟಿನ್ಯಾಗ ಒಬ್ಬಾಂವ ಮ್ಯಾಲ ಹೋಗಿದ್ದ. ಮಶೀನಿನ್ಯಾಗ ಕೈ ಸಿಕ್ಕೊಂತು. ಜೋಡಿ ಹೋದಾಂವ ಕೈ ಬಿಡಿಸಿದ. ಆದ್ರ ಇಳ್ಸೂದು ಹೆಂಗ? ಇಳ್ಸೂ ಹಗ್ಗದ ಪೆಟ್ಟಿಗಿ ಬಾಜೂಕ ಐತ್ರಿ. ತಗದು ಕಟ್ಟಾಕ ಯಾರಿಗೂ ಬರೂದಿಲ್ಲ. ಇಳ್ಸೂದ್ರಾಗ ಭಾಳ ಹೊತ್ತಾತು. ಬದುಕ್ಯಾನ. ಬಲಗೈ ಈಗ ಕೆಲಸಕ್ಕ ಬರೂದಿಲ್ಲ." ಆಮೇಲೆ ತಮ್ಮ ಬಲಗೈಯನ್ನೇ ನೋಡಿಕೊಂಡರು. "ಆ ಪೆಟ್ಟಿಗಿ ಬಿಚ್ಚೂದು ಹೆಂಗ ಅಂತ ಮೇಡಂ ಅವತ್ತ ಹೇಳಿದ್ರಂತ. ನಾ ಅಲ್ಲೇ ಇದ್ದೆ. ಏನ್ ಹೇಳಿದ್ರು, ಹೆಂಗ ಹೇಳಿದ್ರು, ಒಂದಕ್ಷರ ಗೊತ್ತಿಲ್ಲ ನನಗ."

ಪೇಪರ್ ಮಡಿಸಿಟ್ಟು, "ಮುಂದಿನ ವಾರದಿಂದ ಬೇರೆ ಅಡುಗೆ ನೋಡುವ" ಎಂದೆ. ಮತ್ತೆ ಆ ವಿಷಯದಲ್ಲಿ ಅವರನ್ನು ಚೇಷ್ಟೆ ಮಾಡಲಿಲ್ಲ.

ಬಫೆ ಬೇಡ, ಪಂಕ್ತಿ ಹಾಕುವ ಎಂಬುದು ಅವರದೇ ನಿರ್ಧಾರ. ನಮ್ಮ ಹಾಲ್‌ನ ಒಂದು ಮದುವೆಯಲ್ಲಿ ಕಂಬದ ಮರೆಗೆ ನಿಂತು ಜನ ಉಣ್ಣುವುದನ್ನು ನೋಡಿದರು. ತಟ್ಟೆ ಹಿಡಿದು ಸಾಲಿನಲ್ಲಿ ಹೋಗುವವರು ಕಂಡದ್ದನ್ನೆಲ್ಲ ಹೇರಿಕೊಳ್ಳುತ್ತಾರೆ, ಎಲೆಯ ಮುಂದೆ ಕೂತವರಿಗೆ ಬಡಿಸಿದಷ್ಟೇ ಎಂದು ಕಂಡುಕೊಂಡರು. ನನಗೂ ಖುಷಿಯಾಯಿತು; ಪಂಕ್ತಿ ಬಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಕೋಸಂಬರಿ, ಎರಡು ಪಲ್ಯ, ಅರ್ಧ ಭಕ್ರಿ, ಸ್ವಲ್ಪವೇ ಅನ್ನ, ತಿಳಿಸಾರು, ಮಜ್ಜಿಗೆ. ಕರಿದದ್ದಿಲ್ಲ, ಸಿಹಿ ಇಲ್ಲ.

ಸಿಹಿ ಇಲ್ಲ ಎಂದದ್ದೇ ನಮ್ಮ ಅಡುಗೆ ಭಟ್ಟರು ಸೌಟು ಕೆಳಗಿಟ್ಟರು.

"ಸಿಹಿ ಇಲ್ಲದೆ ಎಲೆ ಹಾಕುವುದುಂಟಾ? ನಾನು ಅಡುಗೆ ಮಾಡಿದ ಪಂಕ್ತಿಯಲ್ಲಿ ಇದುವರೆಗೆ ಆಗಲಿಲ್ಲ. ಬಂದವರು ಎಂಥ ತಿಳಿದುಕೊಂಡಾರು?"

"ಭಟ್ಟರ, ಪೂರಾ ಬ್ಯಾಡ ಅನ್ನೂದಿಲ್ಲ. ಚಹಾದ ಹೊತ್ತಿಗೆ ಕೊಡ್ರಲಾ."

"ಚಾ ಜೊತೆಗೆ ಪಾಯಸವಾ! ರಾಮ ರಾಮ!"

ಭಟ್ಟರು ಮತ್ತೆ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಒಪ್ಪಿದರು ಎಂದು ಅರ್ಥವಲ್ಲ. ಇದು ನನಗೆ ನೆನಪಿರಬೇಕಿತ್ತು.

ಸಮ್ಮೇಳನದ ದಿನ ಹಿಂದಿನ ಮದುವೆಯ ಹೂವಿನ ಕಮಾನು ಇನ್ನೂ ನಿಂತೇ ಇತ್ತು. ವಧೂವರರ ಹೆಸರು ತೆಗೆಸಿ, ಗಾಳಿಯಂತ್ರದ ಬ್ಯಾನರ್ ಕಟ್ಟಿಸಿದ್ದಾಯಿತು. ಧುಳೆಯ ಕಡೆಯಿಂದ, ಸಾಂಗ್ಲಿಯ ಕಡೆಯಿಂದ ಜನ ಬಂದರು. ಬೆಳಗಿನ ಭಾಷಣಗಳು ಮುಗಿದು ಪಂಕ್ತಿ ಕೂತಿತು. ಕೊರಳಿಗೆ ಬಿಲ್ಲೆ ತೂಗಿಸಿಕೊಂಡ ದೊಡ್ಡ ಮನುಷ್ಯರೆಲ್ಲ ಬಾಳೆಎಲೆ ಕಂಡು ಹಿಗ್ಗಿ ಫೋಟೋ ತೆಗೆಯುವವರೇ. ಇವರು ಮಾತ್ರ ಉಣ್ಣದೆ ಬಾಗಿಲ ಬಳಿ ನಿಂತಿದ್ದರು. "ನಂದು ಆಮ್ಯಾಲ" ಎಂದರು.

ಸಾರು ಮುಗಿಯಿತು. ಇನ್ನು ಮಜ್ಜಿಗೆ ಎಂದುಕೊಂಡು ಅತ್ತ ನೋಡಿದರೆ, ಇಬ್ಬರು ಸಪ್ಲೈಯರುಗಳು ಹಬೆಯಾಡುವ ಬಕೆಟ್ ಹಿಡಿದು ಮೊದಲ ಸಾಲಿಗೆ ನಡೆದಿದ್ದಾರೆ. ಏಲಕ್ಕಿ ವಾಸನೆ ಇಡೀ ಹಾಲ್ ತುಂಬಿತು. ಹೆಸರುಬೇಳೆ ಪಾಯಸ! ತೆಂಗಿನಹಾಲು, ಬೆಲ್ಲ, ತುಪ್ಪದಲ್ಲಿ ಹುರಿದ ಗೋಡಂಬಿ, ಒಂದೂ ಕಮ್ಮಿ ಇಲ್ಲ. ಕೆಲಸದವರ ಊಟಕ್ಕೆಂದು ಹೇಳಿ ಭಟ್ಟರು ಬೆಳಗಿನಿಂದ ಹಿಂದಿನ ಒಲೆಯಲ್ಲಿ ಕಾಯಿಸುತ್ತಿದ್ದದ್ದು ಇದು! ನಮ್ಮವರ ಬಡಿಸುವಿಕೆ ಗೊತ್ತಲ್ಲ: ಬೇಡ ಎಂದಷ್ಟೂ ಸುರಿಯುತ್ತಾರೆ. ಎಲೆಯಲ್ಲಿ ಜಾಗ ಮಾಡಿಕೊಂಡು ಕಾದವರೂ ಅಷ್ಟೇ ಆಸೆಯಿಂದ ಕಾದಿದ್ದರು.

ಗಾಳಿ ಸಾಹೇಬರು ಬಾಗಿಲಿನಿಂದ ಬಂದ ವೇಗ ನೋಡಬೇಕಿತ್ತು. ಸೌಟು ಮೊದಲ ಎಲೆ ಮುಟ್ಟುವ ಮುಂಚೆ ಬಕೆಟ್ಟನ್ನೇ ಕೈಯಿಂದ ತೆಗೆದುಕೊಂಡರು. ಇಡೀ ಪಂಕ್ತಿ ಅವರನ್ನು ನೋಡಿತು. ಬಕೆಟ್ ಹಿಡಿದು ನಿಂತವರು ಒಂದು ಗಳಿಗೆ ತಬ್ಬಿಬ್ಬಾದರು, ಆಮೇಲೆ ಹಿಂದಿಯಲ್ಲಿ ಹೇಳಿದರು: ಪಾಯಸ ಎಲ್ಲರಿಗೂ ಇದೆ. ಮೇಡಂ ಮಾತು ಮುಗಿದ ಮೇಲೆ, ಕೂತು ಕೇಳಿದವರಿಗೆ.

ಜನ ಗೊಳ್ಳೆಂದು ನಕ್ಕರು. ಊಟ ಮಾಡಿ ಹೊರಡಬೇಕೆಂದು ಕಾರಿಗೆ ಹೇಳಿ ಕಳಿಸಿದ್ದ ಒಬ್ಬ ಅಧಿಕಾರಿ, "ಅರೆ, ಹಾಗಾದರೆ ಕೂರಬೇಕಾಯಿತು" ಎಂದು ಮರಾಠಿಯಲ್ಲಿ ಹೇಳಿ ಕೈ ತೊಳೆದು ಬಂದು ಕೂತರು.

ಮೇಡಂ ಸಣ್ಣ ಆಳು. ದನಿ ನಿಜಕ್ಕೂ ತೊಟ್ಟಿಲು ತೂಗಿದ ಹಾಗೆಯೇ ಇತ್ತು. ಇವರಿಗೆಂದು ಅಧ್ಯಕ್ಷರ ಕುರ್ಚಿ ಹಾಕಿಸಿದ್ದೆ. ಇವರು ಕೂರಲಿಲ್ಲ, ಮುಚ್ಚಳ ಮುಚ್ಚಿದ ಬಕೆಟ್ಟಿನ ಪಕ್ಕದಲ್ಲಿ ಕೈಕಟ್ಟಿ ನಿಂತರು. ನಾನು ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರ ತಲೆಯನ್ನೂ ನೋಡುತ್ತಿದ್ದೆ. ಎಲ್ಲ ನೆಟ್ಟಗಿದ್ದವು. ಮೇಡಂ ಕೆಲವು ಚಿತ್ರ ತೋರಿಸಿ, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದರು. ಮೇಲಿಂದ ಮನುಷ್ಯನನ್ನು ಇಳಿಸುವುದನ್ನು ಈ ವರ್ಷ ಅಭ್ಯಾಸ ಮಾಡಿದವರು ಕೈ ಎತ್ತಿ ಎಂದರು. ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಉಳಿದವರು ಅಕ್ಕಪಕ್ಕ ನೋಡಿದರು. ಮೇಡಂ ಮೇಜಿನ ಕೆಳಗಿಂದ ಹಗ್ಗದ ಪೆಟ್ಟಿಗೆ ತೆಗೆದು ಮೇಲಿಟ್ಟು, ಇವರ ಕಡೆ ತಿರುಗಿ ಏನೋ ಕೇಳಿದರು.

ಇವರು ಹಾಲ್‌ನ ಆ ತುದಿಯಲ್ಲಿದ್ದ ನನಗೆ ಕೂಗಿದರು: "ಸಾವ್ಕಾರ್ರ, ಒಂದು ಅಕ್ಕಿ ಚೀಲ ಸಿಗ್ತೈತೇನು?"

ಅಕ್ಕಿ ಚೀಲವೇ ಗಾಯಗೊಂಡ ಮನುಷ್ಯ, ನಮ್ಮ ಬಾಲ್ಕನಿಯೇ ಯಂತ್ರದ ತುದಿ. ಕೋಟು ಹಾಕಿದ ಒಬ್ಬ ಸೈಟ್ ಮ್ಯಾನೇಜರು ನಗುತ್ತಾ ಮುಂದೆ ಬಂದು ಹಗ್ಗ ಕಟ್ಟಿದರು. ಚೀಲ ಅರ್ಧಕ್ಕೆ ಇಳಿದು ಸಿಕ್ಕಿಕೊಂಡಿತು. ಅಲ್ಲೇ ನಿಧಾನಕ್ಕೆ ತಿರುಗುತ್ತಾ ನೇತಾಡಿತು. ಅವರು ಎಳೆದರು, ಬಿಟ್ಟರು, ಮತ್ತೆ ಎಳೆದರು. ಮೊದಲು ನಗು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಬಾಲ್ಕನಿಯ ಕಂಬಿಗೆ ಆತುಕೊಂಡು ಅಷ್ಟೂ ಜನ ಆ ಚೀಲವನ್ನೇ ನೋಡುತ್ತಿದ್ದರು. ನಾನು ಇವರ ಮುಖ ನೋಡಿದೆ, ನೋಡಬಾರದಿತ್ತು ಅನ್ನಿಸಿತು.

ಮೇಡಂ ಅದೇ ಮೆಲುದನಿಯಲ್ಲಿ ತಪ್ಪು ಎಲ್ಲಾಯಿತೆಂದು ತೋರಿಸಿದರು. ಎರಡನೆಯ ಸಲ ಚೀಲ ಮೆತ್ತಗೆ ನೆಲ ಮುಟ್ಟಿತು. ಆಮೇಲೆ ನಾನು, ತಾನು ಎಂದು ಸಾಲು ಹತ್ತಿತು. ಆ ಅಧಿಕಾರಿಯೂ ಕೋಟು ತೆಗೆದು ಕೈ ಹಾಕಿದರು. ಪ್ರಶ್ನೆಯ ಮೇಲೆ ಪ್ರಶ್ನೆ. ಚಹಾ ತಣ್ಣಗಾಯಿತು, ಆಮೇಲಿನ ಭಾಷಣದವರು ಮುಖ ಗಂಟಿಕ್ಕಿ ಕೂತರು, ಯಾರೂ ಗಮನಿಸಲಿಲ್ಲ. ಪ್ರತಿ ಸೈಟಿನಲ್ಲೂ ಗಾಳಿ ಏಳುವ ಮೊದಲು ಇದನ್ನು ಮಾಡಿಸಲೇಬೇಕೆಂದು ನಿಂತಲ್ಲೇ ಮಾತಾಯಿತು. ಮೇಡಂ ಕಡೆಗೆ ಬಂದು ತಾರೀಕು ಕೇಳಿದವರನ್ನು ನಾನೇ ನೋಡಿದೆ.

ಪಾಯಸದ ನೆನಪು ಒಬ್ಬನಿಗೂ ಬರಲಿಲ್ಲ!

ಎಲ್ಲ ಹೋದ ಮೇಲೆ ಬಕೆಟ್ ಇದ್ದ ಹಾಗೇ ಅಡುಗೆಮನೆಗೆ ವಾಪಸ್ಸು ಬಂತು. ಭಟ್ಟರು ಮುಚ್ಚಳ ತೆಗೆದು ನೋಡಿ, ಕೆನೆಗಟ್ಟಿದ ಪಾಯಸದ ಎದುರು ನಿಂತುಬಿಟ್ಟರು. "ಒಬ್ಬ ಕೇಳಲಿಲ್ಲ ಮಾರಾಯ್ರೇ, ಒಬ್ಬ! ಬೆಳಗಿನಿಂದ ಕಾಯಿಸಿದ್ದು." ಅವರ ಕಣ್ಣಲ್ಲಿ ನೀರಿತ್ತು. ಬೈಯಬೇಕೆಂದು ಬಂದ ನಾನು ಅವರ ಕೈಯ ಮುಚ್ಚಳ ತೆಗೆದು ಬದಿಗಿಟ್ಟೆ.

ಆಗಲೇ ಇವರು ಒಳಗೆ ಬಂದರು. ಅಂಗಿಯ ತೋಳು ಮಡಿಸಿದೆ, ಕೈಗೆ ಹಗ್ಗದ ಗೀರು. ತಿರುಗಿ ಬಂದಿದ್ದ ಅಕ್ಕಿ ಚೀಲದ ಪಕ್ಕದಲ್ಲಿ ಒಂದು ಮಣೆ ಎಳೆದುಕೊಂಡು ಕೂತರು.

"ಭಟ್ಟರ, ಹಸಿವಾಗೈತ್ರಿ. ನಿಮ್ಮ ಪಾಯಸ ಹಾಕ್ರಿ."

ಭಟ್ಟರು ಎಲೆ ಹಾಕಿದರು. ಅನ್ನ, ಸಾರು, ಪಲ್ಯ, ಮೇಲೆ ಪಾಯಸ. ಸಾಕು ಎಂದರೂ ಸುರಿದರು, ಮತ್ತೆ ಸುರಿದರು. ಇವರು ಆ ದಿನ ಬೇಡವೆನ್ನಲಿಲ್ಲ. ಉಣ್ಣುತ್ತಾ ಉಣ್ಣುತ್ತಾ ನನ್ನ ಕಡೆ ನೋಡಿ, "ಸಾವ್ಕಾರ್ರ, ಈ ಸಲ ಪೂರಾ ಕೇಳಿದೆ" ಎಂದರು. ಕೈ ತೊಳೆದು ಬಂದು ಮತ್ತೆ ಅಲ್ಲೇ ಕೂತರು. ಬಸ್ಸಿನ ಹೊತ್ತು ಕೇಳುತ್ತಿದ್ದವರು ಮಾತು ಮುಗಿಸಲಿಲ್ಲ. ಅಕ್ಕಿ ಚೀಲಕ್ಕೆ ತಲೆಯಾನಿಸಿದ್ದೇ ನಿದ್ದೆ ಹತ್ತಿಬಿಟ್ಟಿತು, ಬಾಯಿ ಸ್ವಲ್ಪ ತೆರೆದಿತ್ತು.

ಸಂಜೆಯ ಸಾಂಬಾರಿಗೆ ಒಗ್ಗರಣೆ ಹಾಕಲು ಭಟ್ಟರು ಎಣ್ಣೆ ಕಾಯಲಿಟ್ಟಿದ್ದರು. ಒಂದು ಕೈಯಲ್ಲಿ ಸಾಸಿವೆ ಇತ್ತು. ಇವರನ್ನೊಮ್ಮೆ ತಿರುಗಿ ನೋಡಿ ಗ್ಯಾಸ್ ಆರಿಸಿದರು.

"ಈಗ ಬೇಡ," ಎಂದರು ನನಗೆ, ಪಿಸುದನಿಯಲ್ಲಿ. "ಸಾಸಿವೆ ಸಿಡಿದರೆ ಎದ್ದಾರು."